ಸೋಮಾರಿಯ ಸೀಸೆ

ಸಂಶೋಧನಾಲಯದ ನೆಲಮಾಳಿಗೆಯ ಕೊನೆಯ ಕೋಣೆ ಪುಡಿಯಮ್ಮನದು. ಇಪ್ಪತ್ತೇಳು ವರ್ಷಗಳಿಂದ ಆಕೆ ಅಲ್ಲಿ ತಯಾರಿಸುತ್ತಿದ್ದುದೆಲ್ಲ ಒಂದೋ ಬಿಳಿ ಪುಡಿ, ಇಲ್ಲವೇ ಹೆಚ್ಚುಕಡಿಮೆ ಬಿಳಿ ಪುಡಿ; ಹೆಸರು ಬಂದದ್ದು ಹಾಗೆ. ಎಂದಾದರೂ ಹಳದಿ ಪುಡಿ ಬಂದರೆ ಆಕೆಯ ಮುಖ ಗಂಟಿಕ್ಕಿಕೊಳ್ಳುತ್ತಿತ್ತು, ಆ ಸುದ್ದಿ ಮಧ್ಯಾಹ್ನದೊಳಗೆ ಮೇಲಿನ ಮೂರೂ ಮಹಡಿಗಳಿಗೆ ಮುಟ್ಟುತ್ತಿತ್ತು. ಹಳದಿ ಎಂದರೆ ಕಸ ಸೇರಿದೆ ಎಂದರ್ಥ. ಕಸ ಹೋಗುವವರೆಗೆ ಆಕೆ ಸೀಸೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಎಲ್ಲರೂ ದೊಡ್ಡವರು ಎನ್ನುವ ಮುಖ್ಯಸ್ಥರೇ ಖುದ್ದಾಗಿ ಬಂದು ನಿಂತರೂ ಕೊಡುತ್ತಿರಲಿಲ್ಲ.

"ಪುಡಿಯಮ್ಮನ ಸೀಸೆನಾ? ಹಾಗಾದ್ರೆ ಕಣ್ಣು ಮುಚ್ಚಿಕೊಂಡು ಬಳಸಿ" ಎಂದು ಮೇಲಿನವರು ಹೊಸಬರಿಗೆ ಹೇಳುತ್ತಿದ್ದರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಆಕೆ ಮೂಗು ಮುರಿಯುತ್ತಿದ್ದಳು. ಒಳಗೊಳಗೇ ಮಾತ್ರ ಉಬ್ಬಿಹೋಗುತ್ತಿದ್ದಳು. ಉಬ್ಬಬಾರದು ಎಂದು ನಾವು ಹೇಳುವಂತೆಯೂ ಇಲ್ಲ, ಅಷ್ಟು ವರ್ಷ ಸೀಸೆಯ ಮೇಲಿನ ಒಂದು ಚೀಟಿಯೂ ತಪ್ಪದಂತೆ ದುಡಿದವರಿಗೆ ಅಷ್ಟಾದರೂ ಬೇಡವೇ?

ಆ ಬುಧವಾರ ಬೆಳಿಗ್ಗೆ ಆಕೆ ಫ್ರೀಜರಿನಲ್ಲಿ ಜಾಗ ಮಾಡಲು ಹಳೆಯ ಸೀಸೆಗಳನ್ನು ತೆಗೆದು ಸಾಲಾಗಿ ಇಡುತ್ತಿದ್ದಳು. ಒಂದು ಸೀಸೆ ಕೈಯಲ್ಲೇ ನಿಂತಿತು. ದೀಪದ ಬೆಳಕಿಗೆ ಹಿಡಿದು ನೋಡಿದಳು. ದ್ರಾವಣದ ತಳದಲ್ಲಿ ಕೂದಲಿಗಿಂತ ಸಣ್ಣ, ಸೂಜಿಯಂಥ ಹರಳುಗಳು, ಗುಂಪುಗುಂಪಾಗಿ. ಸೀಸೆ ಕೋಣೆಯ ಬಿಸಿಗೆ ಬರಲಿ, ಕರಗುತ್ತವೆ ಎಂದುಕೊಂಡು ಅರ್ಧ ಗಂಟೆ ಮೇಜಿನ ಮೇಲಿಟ್ಟಳು. ಕರಗಲಿಲ್ಲ. ಚೀಟಿಯ ಮೇಲೆ ಆಕೆಯದೇ ದುಂಡು ಅಕ್ಷರದಲ್ಲಿ "ಸೋಮಾರಿ" ಎಂದಿತ್ತು, ಕೆಳಗೆ ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಪುಡಿಯಮ್ಮ ಆ ತಾರೀಖನ್ನು ಎರಡು ಸಲ ಓದಿದಳು.

ಈ ಸೋಮಾರಿ ಯಾರು ಎಂದು ಹೇಳದೆ ಮುಂದೆ ಹೋದರೆ ಕಥೆ ಅರ್ಧ ಬೆಂದಂತೆ. ನಮ್ಮ ಮೈಯ ಎಲ್ಲ ಜೀವಕೋಶಗಳಲ್ಲೂ ಇರುವುದು ವಂಶವಾಹಿಗಳ ಒಂದೇ ಪುಸ್ತಕ. ಚರ್ಮದ ಕೋಶ ಅದರಲ್ಲಿ ಕೆಲವು ಪುಟ ಓದುತ್ತದೆ, ಸ್ನಾಯುವಿನ ಕೋಶ ಬೇರೆ ಕೆಲವು ಪುಟ. ಯಾವ ಪುಟ ಮುಚ್ಚಿರಬೇಕು ಎಂದು ಗುರುತು ಹಾಕಿಕೊಂಡು ಓಡಾಡಲು ಕಿಣ್ವಗಳಿವೆ. ಅವು ಅಕ್ಷರಗಳನ್ನು ಮುಟ್ಟುವುದಿಲ್ಲ, ಅಂಚಿನಲ್ಲಿ ಒಂದು ಗುರುತು ಒತ್ತಿ ಹೋಗುತ್ತವೆ. ಇಂಥ ಒಂದು ಕಿಣ್ವದ ಬೆನ್ನು ಹತ್ತಿದ್ದವಳು ಮೂರನೆಯ ಮಹಡಿಯ ಜೀವವಿಜ್ಞಾನಿ, ಪುಡಿಯಮ್ಮನ ಸ್ವಂತ ನಾದಿನಿ. ಸ್ನಾಯುವಾಗಬೇಕಿದ್ದು ಅರ್ಧ ದಾರಿಯಲ್ಲೇ ನಿಂತುಬಿಟ್ಟ ಕೋಶಗಳನ್ನು ಆಕೆ ಸಾಕಿಕೊಂಡಿದ್ದಳು. ಆ ಕಿಣ್ವವನ್ನು ತಡೆದರೆ ಗುರುತು ಅಳಿಯುತ್ತದೆ, ಗುರುತು ಅಳಿದರೆ ಕೋಶಗಳು ಸ್ನಾಯುವಾಗುತ್ತವೆ ಎನ್ನುವುದು ಆಕೆಯ ನಾಲ್ಕು ವರ್ಷದ ದುಡಿಮೆಯ ಸಾರ.

ಕಿಣ್ವವನ್ನು ತಡೆಯುವುದು ಹೇಗೆ? ಅದರ ಮೈಯಲ್ಲಿ ಒಂದು ಪುಟ್ಟ ಗುಳಿ ಇರುತ್ತದೆ, ಕೆಲಸವೆಲ್ಲ ಅಲ್ಲೇ. ಆ ಗುಳಿಗೆ ಸರಿಯಾಗಿ ಕೂರುವ ಸಣ್ಣ ಅಣುವೊಂದನ್ನು ಮಾಡಿ ಬಿಟ್ಟರೆ ಕಿಣ್ವ ಕೈಕಟ್ಟಿ ಕೂರುತ್ತದೆ. ಲೇಖನಗಳಲ್ಲಿ ಇದಕ್ಕೆ ಪ್ರತಿಬಂಧಕ ಎನ್ನುತ್ತಾರೆ. ಪುಡಿಯಮ್ಮ "ಅಡ್ಡಗಾಲು" ಎಂದಳು, ಮೂರನೆಯ ಮಹಡಿಯಲ್ಲೂ ಅದೇ ನಿಂತಿತು. ಆದರೆ ಅಡ್ಡಗಾಲು ಒಂದೇ ಇದ್ದರೆ ಸಾಲದು. ಕೋಶಕ್ಕೆ ಹೋದ ಅಣು ಈ ಒಂದು ಕಿಣ್ವವನ್ನಷ್ಟೇ ಹಿಡಿಯುತ್ತದೆಂದು ಯಾರು ಕಂಡರು? ಬೇರೆಲ್ಲೋ ಕೈಯಾಡಿಸಿಯೂ ಇರಬಹುದು. ಅದಕ್ಕೇ ಅದರ ಪಡಿಯಚ್ಚಿನಂಥ ಇನ್ನೊಂದು ಅಣು ಬೇಕು: ಎಲ್ಲ ಅದೇ, ಒಂದು ಸಾರಜನಕದ ತಲೆಯ ಮೇಲೆ ಮಾತ್ರ ಒಂದು ಇಂಗಾಲ ಹೆಚ್ಚಿಗೆ. ಆ ಒಂದು ಉಬ್ಬಿನಿಂದ ಅದು ಗುಳಿಯೊಳಗೆ ಕೂರದು, ಕಿಣ್ವದ ತಂಟೆಗೆ ಹೋಗದು. ಅದೇ ಸೋಮಾರಿ. ಅಡ್ಡಗಾಲಿನಿಂದ ಕೋಶ ಬದಲಾಗಿ ಸೋಮಾರಿಯಿಂದ ಬದಲಾಗದಿದ್ದರೆ ಕಿಣ್ವವೇ ಕಾರಣ ಎಂದು ಎದೆ ತಟ್ಟಿ ಹೇಳಬಹುದು. ಎರಡರಿಂದಲೂ ಬದಲಾದರೆ ಬಾಯಿ ಮುಚ್ಚಿಕೊಂಡು ಮತ್ತೆ ಮೊದಲಿಂದ ಹುಡುಕಬೇಕು.

ನಾದಿನಿಯ ಲೆಕ್ಕದಲ್ಲಿ ಅಡ್ಡಗಾಲು ಹಾಕಿದ ಕಡೆ ನೂರಕ್ಕೆ ನಲವತ್ತು ಕೋಶಗಳು ಸ್ನಾಯುವಾಗಿದ್ದವು. ಸೋಮಾರಿ ಹಾಕಿದ ಕಡೆ ನಾಲ್ಕು. ಏನೂ ಹಾಕದ ಕಡೆಯೂ ನಾಲ್ಕು. ಆ ಚಿತ್ರ ನೋಡಿ ದೊಡ್ಡವರು ಎದ್ದು ನಿಂತು ಬೆನ್ನು ತಟ್ಟಿದ್ದರು. ಲೇಖನ ಒಳ್ಳೆಯ ಪತ್ರಿಕೆಯೊಂದಕ್ಕೆ ಒಪ್ಪಿಗೆಯಾಗಿತ್ತು, ಅಚ್ಚಿನ ಕರಡೂ ಬಂದಿತ್ತು. ಮುಂದಿನ ಶುಕ್ರವಾರದೊಳಗೆ ಕರಡು ತಿದ್ದಿ ಕಳಿಸಿದರೆ ಆಯಿತು. ಅಚ್ಚಾದರೆ ನಾದಿನಿಗೆ ಇಲ್ಲೇ ಖಾಯಂ ಕೆಲಸ. ಆಗದಿದ್ದರೆ ವರ್ಷದ ಕೊನೆಗೆ ಗಂಟುಮೂಟೆ ಕಟ್ಟಬೇಕು.

ಪುಡಿಯಮ್ಮ ಸೂಜಿಗಳನ್ನು ಕದಡದಂತೆ ಮೇಲಿನ ತಿಳಿಯಲ್ಲಿ ಒಂದು ಹನಿ ತೆಗೆದು ಅಳತೆಯ ಯಂತ್ರಕ್ಕೆ ಕೊಟ್ಟಳು. ಚೀಟಿಯ ಮೇಲೆ ಬರೆದಿದ್ದರ ಹದಿನೈದರಲ್ಲೊಂದು ಪಾಲೂ ದ್ರಾವಣದಲ್ಲಿ ಉಳಿದಿರಲಿಲ್ಲ. ಮಿಕ್ಕಿದ್ದೆಲ್ಲ ಸೂಜಿಯಾಗಿ ತಳ ಸೇರಿತ್ತು. ಇದೇ ದ್ರಾವಣದ ಇನ್ನೊಂದು ಸೀಸೆ ಮೂರನೆಯ ಮಹಡಿಯಲ್ಲಿತ್ತು, ಅದೂ ಹೀಗೇ ಇದ್ದೀತು. ಎಂದರೆ ನಾದಿನಿಯ ಕೋಶಗಳಿಗೆ ಸೋಮಾರಿ ಹೆಚ್ಚುಕಡಿಮೆ ಬಿದ್ದೇ ಇರಲಿಲ್ಲ, ಬಿದ್ದದ್ದು ಬರೀ ದ್ರಾವಕ. ನಾಲ್ಕಕ್ಕೆ ನಾಲ್ಕು ಸರಿಹೋದದ್ದು ಅದರಿಂದಲೇ ಇರಬಹುದು.

ತಪ್ಪು ಎಲ್ಲಿ ಹುಟ್ಟಿತೆಂದು ಹುಡುಕಲು ಆಕೆಗೆ ಹೊತ್ತು ಹಿಡಿಯಲಿಲ್ಲ. ಅಡ್ಡಗಾಲನ್ನು ತಿಂಗಳಿಗೊಮ್ಮೆ ಹೊಸದಾಗಿ ಕರಗಿಸಿ ಕೊಡುತ್ತಿದ್ದಳು. ಅದು ಕೆಲಸ ಮಾಡುವ ಅಣು, ಒಂದು ದಿನ ಮಂಕಾದರೂ ಮೇಲಿನಿಂದ ಫೋನು ಬರುತ್ತಿತ್ತು. ಸೋಮಾರಿಯನ್ನು ಮಾತ್ರ ಒಂದೇ ಸಲ ಬೇಕಾದಷ್ಟು ಕರಗಿಸಿ ಇಟ್ಟುಬಿಟ್ಟಿದ್ದಳು. ಮುಚ್ಚಳ ತೆರೆದಾಗಲೆಲ್ಲ ಆ ದ್ರಾವಕ ಗಾಳಿಯ ನೀರನ್ನು ಹೀರುತ್ತದೆ, ನೀರು ಹೆಚ್ಚಾದರೆ ಸೋಮಾರಿ ಅದರಲ್ಲಿ ನಿಲ್ಲದು. ಇದೆಲ್ಲ ಆಕೆಗೆ ಗೊತ್ತಿರಲಿಲ್ಲವೇ? ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಆದರೆ ಏನೂ ಮಾಡದಿರುವುದೇ ಕೆಲಸವಾದ ಅಣು ಏನೂ ಮಾಡಲಿಲ್ಲವೆಂದು ದೂರು ಹೇಳುವವರು ಯಾರು? ದೂರು ಬರದ ಕಡೆ ಆಕೆಯ ಕಣ್ಣೂ ಹೋಗಲಿಲ್ಲ. ಇಂಥ ತಪ್ಪು ಮಾಡಲು ಇಪ್ಪತ್ತೇಳು ವರ್ಷದ ಅನುಭವವೇ ಬೇಕು, ಹೊಸಬರಾಗಿದ್ದರೆ ಹೆದರಿಕೊಂಡಾದರೂ ಒಮ್ಮೆ ನೋಡುತ್ತಿದ್ದರು.

ಮನೆ ಎಂದರೆ ಕೆಳಗೆ ಗಂಡನ ಹೊಲಿಗೆ ಅಂಗಡಿ, ಮೇಲೆ ಮೂರು ಕೋಣೆ. ಸಂಜೆ ಊಟಕ್ಕೆ ಕೂತಾಗ ಆಕೆ ವಿಷಯ ಹೇಳಿದಳು. ಕಿಣ್ವ, ಗುಳಿ ಅವನಿಗೆ ಅರ್ಥವಾಗುತ್ತಿರಲಿಲ್ಲ. ತಂಗಿಯ ಲೇಖನ ಮುಳುಗಬಹುದು ಎನ್ನುವುದು ಚೆನ್ನಾಗಿಯೇ ಅರ್ಥವಾಯಿತು. ತಾಯಿ ಹೋದಾಗ ಏಳು ವರ್ಷದವಳಾಗಿದ್ದ ಆ ತಂಗಿಯನ್ನು ಅವನೇ ಎತ್ತಿ ಬೆಳೆಸಿದ್ದ. ಪುಡಿಯಮ್ಮ ಮದುವೆಯಾಗಿ ಬಂದಾಗ ಅವಳಿಗೆ ಒಂಬತ್ತು. ಅಲ್ಲಿಂದ ಮುಂದಕ್ಕೆ ಜಡೆ ಹಾಕಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅತ್ತಿಗೆಯೇ.

"ನಿಂಗೆ ತಲೆ ಕೆಟ್ಟಿದೆಯಾ?" ಎಂದ ಅವನು. "ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ರೆ ಪ್ರಪಂಚವೇನೂ ಮುಳುಗಲ್ಲ. ಅಚ್ಚಾಗ್ಲಿ, ಕೆಲಸ ಖಾಯಂ ಆಗ್ಲಿ, ಆಮೇಲೆ ನಿಧಾನವಾಗಿ ಹೇಳು."

"ಆಮೇಲೆ ಹೇಳಿದ್ರೆ ಅವಳು ಏನು ಮಾಡ್ಬೇಕು ರೀ? ಕೊಟ್ಟ ಕೆಲಸ ವಾಪಸ್ ಮಾಡ್ಬೇಕಾ?"

"ಹೊಸದಾಗಿ ಮಾಡಿದ್ರೂ ಅದೇ ಉತ್ತರ ಬರಬಹುದಲ್ಲ?"

"ಬರಬಹುದು."

"ಹಾಗಿದ್ಮೇಲೆ ಸುಮ್ಮನೆ ಅವಳ ಹೊಟ್ಟೆ ಯಾಕೆ ಉರಿಸ್ತೀಯ?"

ಪುಡಿಯಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಅದೇ ಉತ್ತರ ಬರಲಿ ಎಂಬ ಆಸೆ ಆಕೆಗೂ ಇತ್ತು. ಮರುದಿನ ಬೆಳಿಗ್ಗೆ ಆಕೆ ಹೊರಡುವಾಗ ಅವನು ಕೋಟಿನ ತೋಳೊಂದನ್ನು ಬಿಚ್ಚುತ್ತಾ ಕೂತಿದ್ದ. ತಲೆ ಎತ್ತದೆ, "ಹೇಳ್ಬಿಡು" ಎಂದ. "ಈಗ ನಂಗೂ ಗೊತ್ತಾಯ್ತಲ್ಲ. ಭಾನುವಾರ ಅವಳು ಊಟಕ್ಕೆ ಬಂದ್ರೆ ನಾನು ಎಲ್ಲಿ ನೋಡ್ಲಿ? ನನಗೆ ಇಂಥದ್ದೆಲ್ಲ ಹೇಳ್ಬೇಡ ಅಂತ ಎಷ್ಟು ಸಲ ಹೇಳಿದೀನಿ."

ಹೇಳುವುದಕ್ಕೂ ಕೈಯಲ್ಲಿ ಏನಾದರೂ ಇರಬೇಕೆಂದು ಪುಡಿಯಮ್ಮ ಮೊದಲು ಸೋಮಾರಿಯನ್ನು ಹೊಸದಾಗಿ ಮಾಡಲು ಕೂತಳು. ಕೊನೆಯ ಒಂದು ಹಂತಕ್ಕೆ ಮುಂಚಿನ ಸಾಮಗ್ರಿ ಆಕೆಯ ಕಪಾಟಿನಲ್ಲಿ ಇದ್ದೇ ಇತ್ತು. ಆ ಒಂದು ಇಂಗಾಲ ಕೂರಿಸಲು ಗುರುವಾರ ಹಿಡಿಯಿತು, ತೊಳೆದು ಶುದ್ಧ ಮಾಡಿ ಒಣಗಿಸಲು ಶುಕ್ರವಾರ. ಬಿಳಿ ಪುಡಿ ಬಂತು, ಹಾಲಿನಷ್ಟು ಬಿಳಿ. ಈ ಸಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ಸಲ ಪರೀಕ್ಷೆ ಮಾಡಿದಳು, ಕರಗಿಸಿದ ಮೇಲೂ ಅಳೆದಳು. ಚೀಟಿಯಲ್ಲಿ ಎಷ್ಟಿತ್ತೋ ಸೀಸೆಯಲ್ಲೂ ಅಷ್ಟೇ ಇತ್ತು.

ಶನಿವಾರ ಬೆಳಿಗ್ಗೆ ನಾದಿನಿ ತನ್ನ ಕೋಣೆಯಲ್ಲಿ ಕರಡು ತಿದ್ದುತ್ತಾ ಕೂತಿದ್ದಳು. ಕೆಂಪು ಪೆನ್ನು ಕಿವಿಯ ಮೇಲಿತ್ತು, ಮುಖ ಅರಳಿತ್ತು.

"ಬನ್ನಿ ಅತ್ತಿಗೆ, ಸಮಯಕ್ಕೆ ಬಂದ್ರಿ. ಇಲ್ಲಿ ನೋಡಿ, ನನ್ನ ಚಿತ್ರಾನ ಇಡೀ ಪುಟಕ್ಕೆ ಹಾಕಿದಾರೆ!"

ಪುಡಿಯಮ್ಮ ಎರಡು ಸೀಸೆಗಳನ್ನೂ ಕರಡಿನ ಪಕ್ಕ ಇಟ್ಟಳು, ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಸುತ್ತಿ ಬಳಸಿ ಹೇಳುವುದು ಆಕೆಗೆ ಎಂದೂ ಬಂದದ್ದಲ್ಲ. ಸೂಜಿ, ಹದಿನೈದರಲ್ಲೊಂದು ಪಾಲು, ಹದಿನಾಲ್ಕು ತಿಂಗಳು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದಳು. "ನಾನು ನೋಡ್ಬೇಕಿತ್ತು ಕಣೇ, ನೋಡ್ಲಿಲ್ಲ" ಎಂದು ಕೊನೆಗೆ ಸೇರಿಸಿದಳು.

ನಾದಿನಿ ಕಿರುಚುತ್ತಾಳೆ ಎಂದುಕೊಂಡಿದ್ದಳು, ಇಲ್ಲವೇ ಅಳುತ್ತಾಳೆ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕಂಪ್ಯೂಟರಿನಲ್ಲಿ ಏನೋ ಹುಡುಕಿ ಪರದೆಯನ್ನು ಅತ್ತಿಗೆಯ ಕಡೆ ತಿರುಗಿಸಿದಳು. ಕೋಶಗಳ ಚಿತ್ರ. ಅವುಗಳ ನಡುವೆ ಅಲ್ಲಲ್ಲಿ, ಎಣಿಸಬಹುದಾದಷ್ಟು, ಸಣ್ಣ ಸೂಜಿಗಳು.

"ಇದು ಕಳೆದ ವರ್ಷದ್ದು" ಎಂದಳು. "ಸೋಮಾರಿ ಹಾಕಿದ ತಟ್ಟೆ. ಇಂಥವು ಒಂಬತ್ತು ಚಿತ್ರ ಇವೆ. ಎಲ್ಲಾನೂ ಒಂದು ಕಡೆ ಹಾಕಿ 'ಧೂಳು' ಅಂತ ಹೆಸರಿಟ್ಟೆ."

"ಧೂಳು ಅಂದ್ಕೊಂಡ್ಯಾ?"

"ಅಂದ್ಕೊಳ್ಳೋಕೆ ಇಷ್ಟಪಟ್ಟೆ. ಉತ್ತರ ಅಷ್ಟು ಚೆನ್ನಾಗಿತ್ತು ಅತ್ತಿಗೆ. ಒಂದು ಫೋನ್ ಮಾಡಿ ಕೇಳಬಹುದಿತ್ತು, ಮಾಡ್ಲಿಲ್ಲ. ನಿಮ್ಮ ಸೀಸೆ ಅಲ್ವಾ, ಅದರಲ್ಲಿ ತಪ್ಪಿರಲ್ಲ ಅಂತ ಮನಸ್ಸಿಗೆ ಹೇಳ್ಕೊಂಡೆ."

ತಪ್ಪು ತನ್ನೊಬ್ಬಳದೇ ಅಲ್ಲವೆಂದು ಪುಡಿಯಮ್ಮನಿಗೆ ಒಂದು ಗಳಿಗೆ ಹಗುರವಾಯಿತು. ಹಗುರವಾಯಿತಲ್ಲ ಎಂದು ಮರುಗಳಿಗೆಯೇ ನಾಚಿಕೆಯಾಯಿತು. ತನ್ನ ಹೆಸರಿನ ಮೇಲೆ ಜನ ಇಟ್ಟಿದ್ದ ನಂಬಿಕೆ ಈ ಹುಡುಗಿಯ ಕಣ್ಣನ್ನೂ ಕಟ್ಟಿತ್ತು. ಆ ಮಾತು ಕೇಳಿ ಉಬ್ಬಿದ್ದೆಲ್ಲ ಈಗ ನೆನಪಿಗೆ ಬಂದು ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಐದು ದಿನ ಬೇಕು" ಎಂದಳು ನಾದಿನಿ ಗೋಡೆಯ ಕ್ಯಾಲೆಂಡರು ನೋಡಿ. "ಇವತ್ತೇ ಹಾಕಿದ್ರೆ ಗುರುವಾರ ಎಣಿಸಬಹುದು."

ದೊಡ್ಡವರಿಗೆ ಅವಳೇ ಫೋನು ಮಾಡಿದಳು. ಮಿತಮಾತಿನ ಮನುಷ್ಯ, ಎಲ್ಲ ಕೇಳಿಸಿಕೊಂಡು "ಎಣಿಸಿ, ಆಮೇಲೆ ಮಾತಾಡೋಣ" ಎಂದಷ್ಟೇ ಹೇಳಿ ಇಟ್ಟರು.

ಇನ್ನೊಂದು ಮಾತೂ ಅವಳೇ ಹೇಳಿದಳು: "ಯಾವುದರಲ್ಲಿ ಏನಿದೆ ಅಂತ ನನಗೆ ಗೊತ್ತಿರಬಾರದು. ಗೊತ್ತಿದ್ರೆ ನನ್ನ ಕಣ್ಣು ನನ್ನ ಮಾತು ಕೇಳಲ್ಲ, ನನ್ನ ಆಸೆಯ ಮಾತು ಕೇಳುತ್ತೆ." ಹಾಗಾಗಿ ಪುಡಿಯಮ್ಮ ಆರು ಸಣ್ಣ ಕೊಳವೆಗಳಲ್ಲಿ ತುಂಬಿಸಿ ಬರೀ ಅಂಕಿ ಹಾಕಿದಳು. ಎರಡರಲ್ಲಿ ಅಡ್ಡಗಾಲು, ಎರಡರಲ್ಲಿ ಸೋಮಾರಿ, ಎರಡರಲ್ಲಿ ಬರೀ ದ್ರಾವಕ. ಯಾವುದು ಯಾವುದೆಂಬ ಪಟ್ಟಿಯನ್ನು ಮಡಿಸಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ನಾದಿನಿ ಒಂದೊಂದು ಕೊಳವೆಯದನ್ನೂ ಅದೇ ಅಂಕಿಯ ಕೋಶದ ತಟ್ಟೆಗೆ ಹಾಕಿದಳು.

ಐದು ದಿನ ಇಬ್ಬರೂ ಅದರ ಮಾತೆತ್ತಲಿಲ್ಲ. ಭಾನುವಾರ ನಾದಿನಿ ಎಂದಿನಂತೆ ಊಟಕ್ಕೆ ಬಂದಳು. ಅಣ್ಣ ತಟ್ಟೆಯಿಂದ ತಲೆ ಎತ್ತದೆ ಉಂಡು, ಯಾರದೋ ಪ್ಯಾಂಟು ಅರ್ಜೆಂಟು ಎಂದು ಕೆಳಗೆ ಓಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಗುರುವಾರ ಮಧ್ಯಾಹ್ನ ಮೈಕ್ರೋಸ್ಕೋಪಿನ ಕೋಣೆಯ ಪರದೆ ಎಳೆದು ನಾದಿನಿ ಎಣಿಸಲು ಕೂತಳು. ಪಕ್ಕದ ಕುರ್ಚಿಯಲ್ಲಿ ಪುಡಿಯಮ್ಮ, ತೊಡೆಯ ಮೇಲೆ ಪಟ್ಟಿ. ಸೋಮಾರಿ ಇದ್ದದ್ದು ಮೂರರಲ್ಲಿ ಮತ್ತು ಐದರಲ್ಲಿ.

"ಒಂದನೇದು, ನಾಲ್ಕು" ಎಂದಳು ನಾದಿನಿ. ಸುಮಾರು ಹೊತ್ತಿನ ಮೇಲೆ, "ಎರಡನೇದು, ನಲವತ್ತೊಂದು."

ಅಲ್ಲಿಯವರೆಗೆ ಸರಿ. ಮೂರನೆಯ ತಟ್ಟೆ ಮೈಕ್ರೋಸ್ಕೋಪಿನ ಕೆಳಗೆ ಹೋಯಿತು. ನಾಲ್ಕು ಎನ್ನು, ಐದು ಎನ್ನು, ಹತ್ತಾದರೂ ಆಗಲಿ ಎಂದು ಪುಡಿಯಮ್ಮ ಮನಸ್ಸಿನಲ್ಲೇ ಗೋಗರೆದಳು. ಎಣಿಸುವ ಗುಂಡಿಯ ಟಕ್ ಟಕ್ ಸದ್ದು ನಿಲ್ಲಲೇ ಇಲ್ಲ. ಸದ್ದು ಅಷ್ಟು ಹೊತ್ತು ನಡೆಯಿತೆಂದರೆ ಉತ್ತರ ಬಂದಂತೆಯೇ.

"ಮೂರನೇದು, ಮೂವತ್ತೊಂಬತ್ತು."

ಪುಡಿಯಮ್ಮ ಬರೆದುಕೊಂಡಳು. ಅಕ್ಷರ ಸೊಟ್ಟಗಾಯಿತು. ನಾದಿನಿಗೆ ಇನ್ನೂ ತಿಳಿದಿರಲಿಲ್ಲ, ಅವಳ ಲೆಕ್ಕದಲ್ಲಿ ಅಡ್ಡಗಾಲು ಎರಡು ಕೊಳವೆಯಲ್ಲಿತ್ತು, ಇವೆರಡೂ ಅವೇ ಇರಬಹುದಿತ್ತು. ನಾಲ್ಕನೆಯದು ಐದು ಎಂದಾಗ ಅವಳ ದನಿಯಲ್ಲಿ ಒಂದಿಷ್ಟು ಗೆಲುವೂ ಇತ್ತು. ಅದನ್ನು ಕೇಳಿ ಪುಡಿಯಮ್ಮ ಪಟ್ಟಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಐದನೆಯ ತಟ್ಟೆಯನ್ನಿಟ್ಟು ಒಂದು ಸಲ ಕಣ್ಣು ಹಾಕುತ್ತಲೇ ನಾದಿನಿಯ ಬೆನ್ನು ನೆಟ್ಟಗಾಯಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಎಣಿಸಿದಳು.

"ಐದನೇದು, ಮೂವತ್ತೆಂಟು."

ಇನ್ನು ಪಟ್ಟಿ ಬೇಕಾಗಿರಲಿಲ್ಲ. ಅಡ್ಡಗಾಲು ಎರಡೇ ಕಡೆ ಇತ್ತು, ಕೋಶಗಳು ಮೂರು ಕಡೆ ಸ್ನಾಯುವಾಗಿದ್ದವು. ಆರನೆಯದನ್ನು ಎಣಿಸದಿದ್ದರೂ ನಡೆಯುತ್ತಿತ್ತು. ಅವಳು ಎಣಿಸಿದಳು, ಒಂದು ಕೋಶವನ್ನೂ ಬಿಡದೆ. ನಲವತ್ತೆರಡು.

"ಕಿಣ್ವ ತಡೆದ್ರೂ ಆಗುತ್ತೆ, ತಡೀದಿದ್ರೂ ಆಗುತ್ತೆ" ಎಂದಳು, ಕಣ್ಣು ಮೈಕ್ರೋಸ್ಕೋಪಿನಿಂದ ತೆಗೆಯದೆ. "ಅಂದ್ರೆ ಕಾರಣ ಅದಲ್ಲ. ನಾಲ್ಕು ವರ್ಷ ನಾನು ತಪ್ಪು ಮನೆ ಬಾಗಿಲು ಬಡೀತಿದ್ದೆ."

ಪುಡಿಯಮ್ಮ ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟಳು.

ದೊಡ್ಡವರು ಕೇಳಿ ನಿಟ್ಟುಸಿರು ಬಿಟ್ಟು, "ವಾಪಸ್ ತಗೊಳ್ಳೋಣ. ಕಾಗದ ನೀನೇ ಬರಿ, ನಾನು ಸಹಿ ಹಾಕ್ತೀನಿ" ಎಂದರು. ನಾದಿನಿ ಸಂಜೆಯೊಳಗೆ ಬರೆದು ಮುಗಿಸಿ, ಮುದ್ರಿಸಿ, ಅವರ ಸಹಿ ಹಾಕಿಸಿಕೊಂಡು ಬಂದು ಮೇಜಿನ ಮೇಲಿಟ್ಟಳು. ಪುಡಿಯಮ್ಮ ಕನ್ನಡಕ ಏರಿಸಿಕೊಂಡು ಓದಿದಳು. ಕಾಗದ ಚಿಕ್ಕದು. ಹೋಲಿಕೆಗೆ ಬಳಸಿದ ಅಣು ದ್ರಾವಣದಲ್ಲಿ ಉಳಿದಿರಲಿಲ್ಲ, ಅದನ್ನು ಗಮನಿಸದೆ ಹೋದದ್ದು ನನ್ನ ಲೋಪ, ಹೊಸ ಪ್ರಯೋಗದಲ್ಲಿ ನಮ್ಮ ತೀರ್ಮಾನ ನಿಲ್ಲುವುದಿಲ್ಲ, ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. ಕೆಳಗೆ ಎರಡು ಸಹಿ.

"ಸೀಸೆ ಮಾಡಿದವಳ ವಿಷಯ ಎಲ್ಲಿ?" ಎಂದಳು ಪುಡಿಯಮ್ಮ.

"ಅದು ಬೇಕಾಗಿಲ್ಲ ಅತ್ತಿಗೆ. ಲೇಖಕರು ಸಹಿ ಹಾಕಿದ್ರೆ ಸಾಕು, ನೀವು ಲೇಖಕರಲ್ಲ."

"ಗೆದ್ದಾಗ ಕೊನೇ ಪುಟದಲ್ಲಿ ಒಂದು ಸಾಲು ಉಪಕಾರ ಸ್ಮರಣೆ. ಮುಳುಗುವಾಗ ಅದೂ ಇಲ್ವಾ?"

"ತಮಾಷೆ ಬೇಡ." ನಾದಿನಿ ತಲೆ ಅಲ್ಲಾಡಿಸಿದಳು. "ಇಪ್ಪತ್ತೇಳು ವರ್ಷದಲ್ಲಿ ನಿಮ್ಮ ಮೇಲೆ ಒಂದು ಕಪ್ಪು ಚುಕ್ಕೆ ಇಲ್ಲ. ನಾನು ಹೇಗೂ ವರ್ಷದ ಕೊನೆಗೆ ಇಲ್ಲಿಂದ ಹೊರಡೋಳು, ನನ್ನ ತಲೆ ಮೇಲೆ ಎಷ್ಟಿದ್ರೇನು? ನೀವು ಇಲ್ಲೇ ಇರಬೇಕು. ನಾಳೆಯಿಂದ ಎಲ್ಲರೂ ನಿಮ್ಮ ಸೀಸೆ ಎತ್ತಿ ಎತ್ತಿ ಬೆಳಕಿಗೆ ಹಿಡಿದು ನೋಡ್ತಾರೆ."

"ನೋಡ್ಲಿ" ಎಂದಳು ಪುಡಿಯಮ್ಮ. "ನೀನು ಒಂದು ಸಲ ಹಾಗೆ ನೋಡಿದ್ರೆ ಇವತ್ತು ಇಲ್ಲಿ ಹೀಗೆ ಕೂತಿರ್ತಿರಲಿಲ್ಲ. ಪೆನ್ನು ಕೊಡು."

ನಾದಿನಿ ಕೊಡಲಿಲ್ಲ. ಪುಡಿಯಮ್ಮ ಅವಳ ಕಿವಿಯ ಮೇಲಿದ್ದ ಕೆಂಪು ಪೆನ್ನನ್ನೇ ಎಳೆದುಕೊಂಡು, ಎರಡು ಸಹಿಗಳ ಕೆಳಗೆ, ತನ್ನ ದುಂಡು ಅಕ್ಷರದಲ್ಲಿ ಬರೆದಳು: "ಆ ದ್ರಾವಣವನ್ನು ತಯಾರಿಸಿದವಳು ನಾನು. ಹದಿನಾಲ್ಕು ತಿಂಗಳು ಅದನ್ನು ಒಮ್ಮೆಯೂ ಪರೀಕ್ಷಿಸಲಿಲ್ಲ." ಅದರ ಕೆಳಗೆ ಸಹಿ ಹಾಕಿದಳು.

ಅಷ್ಟು ದಿನ ತಡೆದುಕೊಂಡಿದ್ದ ನಾದಿನಿಗೆ ಆಗ ಅಳು ಬಂತು. ಒಂಬತ್ತು ವರ್ಷದವಳು ಅಳುತ್ತಿದ್ದ ಹಾಗೆಯೇ, ಬಾಯಿ ತೆರೆದು, ನಾಚಿಕೆಯಿಲ್ಲದೆ ಅತ್ತಳು. ಪುಡಿಯಮ್ಮ ಕಾಗದವನ್ನು ಮೇಜಿನ ಆಚೆ ತುದಿಗೆ ಸರಿಸಿ ಅವಳನ್ನು ಎದೆಗೆ ಒರಗಿಸಿಕೊಂಡಳು.

"ಅಳು ಕಣೇ, ಚೆನ್ನಾಗಿ ಅಳು" ಎಂದಳು. "ಕಾಗದದ ಮೇಲೆ ಮಾತ್ರ ಬೀಳಿಸಬೇಡ. ಇನ್ನೊಂದು ಸಲ ಇದನ್ನ ಬರೆಯೋ ಧೈರ್ಯ ನನಗಿಲ್ಲ."